ಬೆಲ್ಲದ ಮಂಡಿಯ ಕಂಪ್ಯೂಟರಿಗೆ ಎಸ್‌ಎಸ್‌ಡಿ: ನನ್ನ ಅನುಭವ

ಮಂಡ್ಯದಲ್ಲಿ ನಾನು ನೋಡಿಕೊಳ್ಳುವ ಬೆಲ್ಲದ ಮಂಡಿಗಳ ಯಾವ ಬಿಲ್ಲಿಂಗ್ ಕಂಪ್ಯೂಟರಿನಲ್ಲೂ ಈಗ ವಿಂಡೋಸ್ ಹಾರ್ಡ್ ಡಿಸ್ಕ್ ಮೇಲಿಲ್ಲ. ಎಲ್ಲವೂ ಎಸ್‌ಎಸ್‌ಡಿ ಮೇಲಿದೆ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್ ಮೇಲೆ. ಇದು ಆಗದ ಮಾತು ಎಂದವರಲ್ಲಿ ಕಂಪ್ಯೂಟರ್ ರಿಪೇರಿಯ ನಮ್ಮ ಕಸುಬಿನವರೇ ಹೆಚ್ಚು. ಬರೆದಷ್ಟೂ ಸವೆಯುವ ಎಸ್‌ಎಸ್‌ಡಿ, ದಿನವಿಡೀ ಬಿಲ್ ಬರೆದರೆ ವರ್ಷದೊಳಗೆ ಸವೆದುಹೋಗುತ್ತದೆ ಎಂಬುದು ಅವರ ವಾದ. ಒಬ್ಬ ಹಿರಿಯ ಸಾಹುಕಾರರು ಎಸ್‌ಎಸ್‌ಡಿಯನ್ನು ಅಂಗೈಯಲ್ಲಿ ತೂಗಿ ನೋಡಿ, "ಇಷ್ಟು ಹಗುರದ್ದನ್ನು ನಂಬಿ ಲಕ್ಷಗಟ್ಟಲೆ ಲೆಕ್ಕ ಬರೆಯಬೇಕೇನಪ್ಪಾ?" ಎಂದಿದ್ದರು. ತಕ್ಕಡಿಯವರ ಅನುಮಾನವೂ ತೂಕದ ಮೇಲೆಯೇ.

ಮೊದಲ ಕಂತಿನ ಎಸ್‌ಎಸ್‌ಡಿಗಳು ಕೈ ಸುಟ್ಟವು. ಬೆಂಗಳೂರಿನಿಂದ ತರಿಸಿದ ಅಗ್ಗದ ಮಾಲು. ಬ್ಯಾಕಪ್ ನಕಲು ಮಾಡುವಾಗ ಮೊದಲ ಕೆಲವು ಜಿಬಿ ಸರಾಗ, ಆಮೇಲೆ ಹಾರ್ಡ್ ಡಿಸ್ಕ್‌ಗಿಂತ ನಿಧಾನ. ಅದರಲ್ಲೊಂದು ಒಂದು ಬೆಳಿಗ್ಗೆ ಕಂಪ್ಯೂಟರ್ ಏಳುವಾಗ ಮೊದಲು ಓಡುವ ಬಯಾಸ್‌ನಲ್ಲೇ ಕಾಣಿಸಲಿಲ್ಲ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಟಕ್ ಟಕ್ ಎಂದು ಗೋಳಾಡುತ್ತದೆ. ಇದು ಸುಳಿವೇ ಕೊಡಲಿಲ್ಲ. ಹಿಂದಿನ ದಿನದ ಬ್ಯಾಕಪ್ ಇತ್ತು, ಉಳಿದ ಬಿಲ್‌ಗಳನ್ನು ಕಾಗದ ನೋಡಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಮತ್ತೆ ಏರಿಸಿದೆವು. ವಾರಂಟಿಯಲ್ಲಿ ಡಿಸ್ಕ್ ಬಂತು, ಡೇಟಾ ಬರಲಿಲ್ಲ. ಓಡಾಟ, ಕೂಲಿ ಸೇರಿ ನನ್ನ ಕೈಯಿಂದ ನಾಲ್ಕೈದು ಸಾವಿರ ಹೋಯಿತು.

ಅಲ್ಲಿಂದ ಮುಂದೆ, ಎಷ್ಟು ಟೆರಾಬೈಟ್ (ಒಂದಕ್ಕೆ ಸುಮಾರು ಸಾವಿರ ಜಿಬಿ) ಬರೆಯಬಹುದೆಂದು ತಯಾರಕರು ನಮೂದಿಸಿರುವ, ಮೂರು ವರ್ಷ ವಾರಂಟಿಯ ಮಾಲನ್ನೇ ಕೊಂಡೆ. 2019ರ ಸುಮಾರಿಗೆ 240 ಜಿಬಿಗೆ ಎರಡೂವರೆ ಸಾವಿರದ ಆಸುಪಾಸು ಬೆಲೆ. ನನ್ನ ಕೂಲಿ ಸೇರಿಸಿ ಮೂರೂವರೆ ಸಾವಿರ. ಹೊಸ ಕಂಪ್ಯೂಟರಿಗಾದರೆ ಮೂವತ್ತು ಸಾವಿರ ಬೇಕಿತ್ತು. ಹಳೆಯ ಮದರ್‌ಬೋರ್ಡ್‌ನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕೊಂಡಿ ನಿಧಾನದ, ಸೆಕೆಂಡಿಗೆ 3 ಗಿಗಾಬಿಟ್‌ನದ್ದೇ ಇದ್ದರೂ ಅದರ ಕೊರತೆ ಯಾರಿಗೂ ತಿಳಿಯಲಿಲ್ಲ. ನಾಲ್ಕೈದು ನಿಮಿಷ ತಿಣುಕುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಏಳುತ್ತಿತ್ತು. ಅರ್ಧ ಗಂಟೆ ಹಿಡಿಯುತ್ತಿದ್ದ ಟ್ಯಾಲಿ ರೀರೈಟ್, ಅಂದರೆ ಕೆಟ್ಟ ಲೆಕ್ಕದ ಕಡತ ಸರಿಪಡಿಸುವ ಕೆಲಸ, ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಬ್ಯಾಡ್ ಸೆಕ್ಟರ್ (ಓದಲಾಗದ ಜಾಗ) ತುಂಬಿದ ಡಿಸ್ಕ್‌ನಿಂದ ಕ್ಲೋನ್ (ಪೂರ್ತಿ ನಕಲು) ತೆಗೆಯಲು ನನ್ನದೇ ಒಂದು ಕ್ರಮವಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಹೊಟ್ಟೆಪಾಡಿನ ವಿಷಯ.

ಸವೆತದ ಮಾತಿಗೆ ಬರುತ್ತೇನೆ. ಅತಿ ಹೆಚ್ಚು ಬಿಲ್ ಹೊಡೆಯುವ ಯಂತ್ರವನ್ನು, ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶವಾದ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಲ್ಲಿ ಆಗಾಗ ನೋಡುತ್ತಿದ್ದೆ. ದಿನಕ್ಕೆ ಸುಮಾರು ಹತ್ತು ಜಿಬಿ ಬರೆಯುತ್ತಿತ್ತು, ನಾಲ್ಕು ವರ್ಷಕ್ಕೆ ಹದಿನೈದು ಟೆರಾಬೈಟ್ ದಾಟಿರಲಿಲ್ಲ. ತಯಾರಕರ ಮಿತಿ 80 ಟೆರಾಬೈಟ್. 2 ಜಿಬಿ ರ‍್ಯಾಮ್ ಇದ್ದ ಯಂತ್ರಗಳು ಮಾತ್ರ, ಮೆಮೊರಿ ಸಾಲದೆ ಎಸ್‌ಎಸ್‌ಡಿಯನ್ನೇ ಮೆಮೊರಿಯಂತೆ ಬಳಸಿ, ಇದರ ದುಪ್ಪಟ್ಟು ಬರೆಯುತ್ತಿದ್ದವು. 4 ಜಿಬಿ ಸೇರಿಸಿದ ಮೇಲೆ ಅವೂ ತಣ್ಣಗಾದವು. ಬಿಚ್ಚಿದ ಹಾರ್ಡ್ ಡಿಸ್ಕ್‌ಗಳಲ್ಲಿ ಗಟ್ಟಿಯಾಗಿದ್ದವನ್ನು ಅದೇ ಪೆಟ್ಟಿಗೆಯಲ್ಲಿ ಎರಡನೆಯದಾಗಿ ಕೂರಿಸಿ, ರಾತ್ರಿಯ ಬ್ಯಾಕಪ್ಪಿಗೆ ಇಟ್ಟಿದ್ದೇನೆ.

ಹುಮ್ಮಸ್ಸಿನಲ್ಲಿ ಒಂದು ಅಕ್ಕಿ ಗಿರಣಿಯ ಸಿಸಿಟಿವಿ ದೃಶ್ಯ ಮುದ್ರಿಸಿಡುವ ಡಿವಿಆರ್‌ಗೂ ಎಸ್‌ಎಸ್‌ಡಿ ಹಾಕಿ ನೋಡಿದೆ, ತೌಡಿನ ಧೂಳಿಗೆ ಅಂಜಬೇಕಿಲ್ಲ ಎಂದು. ಹಗಲೂ ರಾತ್ರಿ ಬರೆಯುವ ಆ ಕೆಲಸಕ್ಕೆ ವೇಗ ಬೇಕಿಲ್ಲ, ಜಾಗ ಬೇಕು. ಎಂಟು ಕ್ಯಾಮೆರಾಗಳ ದೃಶ್ಯ 240 ಜಿಬಿಯಲ್ಲಿ ನಾಲ್ಕು ದಿನವೂ ಉಳಿಯಲಿಲ್ಲ. ಗಿರಣಿಯ ಮಾಲೀಕರು ತಿಂಗಳ ಹಿಂದಿನದ್ದನ್ನು ಕೇಳುವವರು. ಹಾರ್ಡ್ ಡಿಸ್ಕನ್ನೇ ಮರಳಿ ಕೂರಿಸಿ, ಆ ಎಸ್‌ಎಸ್‌ಡಿಯನ್ನು ಅವರ ಕಚೇರಿಯ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟೆ.