ಬಿದ್ರಿ ಹುಕ್ಕಾದಿಂದ ಶುರುವಾದ ಎಪಿಐ ಪಾಠ

ಮ್ಯೂಸಿಯಂ ಎಪಿಐ, ಅಂದರೆ ಮ್ಯೂಸಿಯಂಗಳ ಡೇಟಾವನ್ನು ಪ್ರೋಗ್ರಾಂ ಮೂಲಕ ಕೇಳಿ ತರಿಸಿಕೊಳ್ಳುವ ದಾರಿ. ಅದನ್ನು ಕಲಿಯೋಕೆ ಡೆವಲಪರ್‌ಗಳು ಬರಲ್ಲ ಅಂತ ನನಗೆ ಹೇಳದವರೇ ಇಲ್ಲ. "ಹಳೇ ಸಾಮಾನಿನ ಡೇಟಾ ಯಾರಿಗೆ ಬೇಕು? ಪೇಮೆಂಟ್ ಗೇಟ್‌ವೇ ಕಲಿಸು, ಕೆಲಸ ಸಿಗುತ್ತೆ" ಅಂದರು ಗೆಳೆಯರು. ಈಗ ನಾಲ್ಕು ವರ್ಕ್‌ಶಾಪ್ ಮುಗಿದಿವೆ. ಹೆಚ್ಚುಕಡಿಮೆ 120 ಮಂದಿ ಬಂದರು. ಅವರಲ್ಲಿ 35-40 ಮಂದಿ ಇವತ್ತಿಗೂ ಏನಾದರೊಂದು ಕಟ್ಟುತ್ತಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲೆರಡು ಸಲ ಕೈ ಸುಟ್ಟುಕೊಂಡೆ. ಬೆಂಗಳೂರಲ್ಲಿ ಹಾಲ್ ಬಾಡಿಗೆ, ಊಟ, ಕಾಫಿ ಎಲ್ಲ ಸೇರಿ ಒಂದು ಸಲಕ್ಕೆ 22-23 ಸಾವಿರ, ಪೂರ್ತಿ ನನ್ನ ಜೇಬಿಂದಲೇ. ಯುರೋಪಿನ ಮ್ಯೂಸಿಯಂ, ಗ್ರಂಥಾಲಯಗಳ ಸಂಗ್ರಹಗಳನ್ನು ಒಂದೆಡೆ ತೋರಿಸುವ ಯುರೋಪಿಯಾನಾ ತಾಣದಿಂದ ಶುರು ಮಾಡಿದ್ದೆ. ಐದು ಕೋಟಿಗೂ ಜಾಸ್ತಿ ದಾಖಲೆ ಇದೆ, ನೋಡಿದ ಕೂಡಲೇ ಖುಷಿಪಡ್ತಾರೆ ಅನ್ನೋದು ನನ್ನ ಲೆಕ್ಕ. ಅದರ ಎಪಿಐ ಬಳಸೋಕೆ ನೋಂದಣಿ ಮಾಡಿ ಪಡೆಯಬೇಕಾದ ಕೀ (ಗುರುತಿನ ಸಂಕೇತ) ಫ್ರೀಯಾಗೇ ಸಿಗುತ್ತೆ. ಆದರೆ ಹಾಲ್‌ನ ವೈಫೈ ಕೈಕೊಟ್ಟು, ಮೂವತ್ತು ಮಂದಿ ನೋಂದಣಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಊಟ ಆದ ಮೇಲೆ ಉಳಿದವರು ಹನ್ನೊಂದು ಮಂದಿ.

ಎರಡನೇ ಸಲ ನೇರವಾಗಿ ವಿಕಿಡೇಟಾ, ಅಂದರೆ ವಿಕಿಪೀಡಿಯಾ ಬಳಗದ ಮುಕ್ತ ಡೇಟಾ ಭಂಡಾರ. ಕರ್ನಾಟಕದ ದೇವಸ್ಥಾನಗಳನ್ನೆಲ್ಲ ಒಂದೇ ಸಲ ತರಿಸೋಣ ಅಂತ ಪಿ131ಕ್ಕೆ (ಯಾವ ಆಡಳಿತ ಪ್ರದೇಶದಲ್ಲಿದೆ ಅಂತ ಹೇಳುವ ಗುಣ) ನಕ್ಷತ್ರ ಹಾಕಿ, ಅಂದರೆ ಊರು, ತಾಲೂಕು, ಜಿಲ್ಲೆ ಅಂತ ಎಲ್ಲ ಹಂತವನ್ನೂ ಹುಡುಕುವಂತೆ, ಕ್ವೆರಿ ಬರೆಸಿದೆ. 60 ಸೆಕೆಂಡಿನ ಮಿತಿ ದಾಟಿ ಎಲ್ಲರ ಪರದೆಯಲ್ಲೂ ಟೈಮ್‌ಔಟ್. ತಪ್ಪು ನನ್ನದೇ. ವಿಕಿಡೇಟಾದ ಕ್ವೆರಿ ಭಾಷೆ ಸ್ಪಾರ್ಕಲ್ ಮೊದಲ ದಿನದ ಪಾಠ ಅಲ್ಲ.

ಮೂರನೇದು ಕಲಬುರಗಿಯಲ್ಲಿ. ಕಾಲೇಜಿನವರು ಲ್ಯಾಬ್ ಕೊಟ್ಟರು, ರೈಲು, ಚಹಾ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಸ್ಲೈಡ್ ಒಂದೂ ಇಲ್ಲ. ಬೋರ್ಡ್ ಮೇಲೆ ಒಂದೇ ಲಿಂಕ್ ಬರೆದೆ, ನ್ಯೂಯಾರ್ಕಿನ ಮೆಟ್ (ಮೆಟ್ರೋಪಾಲಿಟನ್) ಮ್ಯೂಸಿಯಂನ ಎಪಿಐಯದು. ಅದಕ್ಕೆ ಕೀ ಬೇಡ, ಲಾಗಿನ್ ಬೇಡ. ಹುಡುಕುವ ಪದ 'ಬಿದ್ರಿ'. ಬ್ರೌಸರ್‌ನಲ್ಲಿ ವಸ್ತುಗಳ ಐಡಿ ಸಂಖ್ಯೆಗಳ ಸಾಲು ಬಂತು. ಅದರಲ್ಲೊಂದನ್ನು ವಸ್ತುವಿನ ವಿವರ ಕೊಡುವ ಎರಡನೇ ಲಿಂಕ್‌ಗೆ ಹಾಕಿಸಿದೆ, ಅಲ್ಲಿ ಸಿಕ್ಕ ಚಿತ್ರದ ವಿಳಾಸ ತೆರೆಸಿದೆ. ಹದಿನೇಳನೇ ಶತಮಾನದ ಹುಕ್ಕಾ ಬುಡ, ಕಪ್ಪು ಲೋಹದ ಮೇಲೆ ಬೆಳ್ಳಿಯ ಹೂಗಿಡ.

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸರ್, ಇದು ನಮ್ಮ ಬೀದರಿಂದೇ ಅದ ರೀ! ನಮ್ಮ ಕಾಕಾ ಇದೇ ಕೆಲಸ ಮಾಡ್ತಾರ." ಸತು-ತಾಮ್ರದ ಎರಕ, ಬೆಳ್ಳಿ ಕೂರಿಸೋದು, ಕೊನೆಗೆ ಕೋಟೆಯ ಮಣ್ಣಲ್ಲಿ ಕುದಿಸಿ ಕಪ್ಪು ಮಾಡೋದು, ಎಲ್ಲ ಅವನೇ ವಿವರಿಸಿದ. ಆಮೇಲೆ ಯಾರನ್ನೂ ಹುರಿದುಂಬಿಸಬೇಕಾಗಲಿಲ್ಲ. ಸಂಜೆ ಲ್ಯಾಬ್ ಬೀಗ ಹಾಕುವವರೆಗೂ ಕೂತಿದ್ದರು.

ಎಡವಿದ ಜಾಗಗಳನ್ನೂ ಹೇಳಿಬಿಡ್ತೀನಿ. ಮೆಟ್‌ನಲ್ಲಿ ಹಕ್ಕುಮುಕ್ತ ಅಲ್ಲದ ವಸ್ತುವಿಗೆ ಚಿತ್ರದ ಜಾಗ ಖಾಲಿ ಬರುತ್ತೆ, ಅರ್ಧ ತರಗತಿಯವರು ಕಟ್ಟಿದ ವೆಬ್ ಪುಟಗಳಲ್ಲಿ ಬರೀ ಬಿಳಿ ಚೌಕ. ಹುಡುಕಿದ್ದು ಏನೂ ಸಿಗದಿದ್ದರೆ ಖಾಲಿ ಪಟ್ಟಿ ಬರಲ್ಲ, ನಲ್ (ಪಟ್ಟಿಯೇ ಇಲ್ಲ ಅನ್ನೋ ಸೂಚನೆ) ಬರುತ್ತೆ, ಪಟ್ಟಿಯನ್ನು ಒಂದೊಂದಾಗಿ ಓದುವ ಲೂಪ್ ಅಲ್ಲೇ ಮುರಿದು ಬೀಳುತ್ತೆ. ವಿಕಿಡೇಟಾ ನಡೆಸುವ ವಿಕಿಮೀಡಿಯಾ ಕಡೆಗೆ ಸ್ಕ್ರಿಪ್ಟ್ ಬಿಡುವಾಗ ಯೂಸರ್ ಏಜೆಂಟ್‌ನಲ್ಲಿ (ಕೇಳುತ್ತಿರೋದು ಯಾರು ಅಂತ ಹೇಳುವ ಸಾಲು) ನಿಮ್ಮ ಗುರುತು ಹಾಕಿ, ಇಲ್ಲಾಂದ್ರೆ 403, ಅಂದರೆ 'ಪ್ರವೇಶವಿಲ್ಲ' ಅನ್ನೋ ಉತ್ತರ ನೋಡಬೇಕಾಗಬಹುದು.

ಮಧ್ಯೆ ಇನ್ನೊಂದು ಪ್ರಯೋಗಕ್ಕೆ ಬಿದ್ದೆ. ಕನ್ನಡದಲ್ಲೇ ಹುಡುಕೋಕಾಗಲ್ವಾ ಅಂತ ಒಬ್ಬಳು ಕೇಳಿದಳು. ಕನ್ನಡ ಪದವನ್ನು ವಿಕಿಡೇಟಾಗೆ ಕೊಟ್ಟು, ಅಲ್ಲಿಂದ ಇಂಗ್ಲಿಷ್ ಹೆಸರು ತೆಗೆದು ಮ್ಯೂಸಿಯಂಗೆ ಕಳಿಸುವ ನಲವತ್ತು ಸಾಲಿನ ಕೋಡ್ ಬರೆದೆವು. ಊರು, ದೇವರ ಹೆಸರಿಗೆ ಚೆನ್ನಾಗಿ ನಡೆಯುತ್ತೆ, ಕಸುಬಿನ ಪದಗಳಿಗೆ ಇನ್ನೂ ಇಲ್ಲ. ಅದಕ್ಕೇ ಹದಿನೈದು ಮಂದಿ ಕೂತು ವಿಕಿಡೇಟಾಗೆ ಕನ್ನಡ ಹೆಸರು ತುಂಬಿದರು. ಬಳಸಲು ಬಂದವರು ಕೊಡುವವರೂ ಆದರು ಅನ್ನೋದೇ ನನಗೆ ದೊಡ್ಡ ಸಂತೋಷ. ಇನ್ನು ಚಿತ್ರದ ಅಳತೆಯ ಪಾಠ: ಷಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಂನ ಚಿತ್ರದ ಲಿಂಕ್‌ನಲ್ಲಿ 843 ಅಂತ ಒಂದು ಅಂಕಿ ಇರುತ್ತೆ. ಅದನ್ನು 200 ಮಾಡಿದರೆ ಚಿತ್ರ ಚಿಕ್ಕದಾಗುತ್ತೆ. ಲಿಂಕ್‌ನಲ್ಲೇ ಚಿತ್ರದ ಅಳತೆ ಕೇಳಲು ಬಿಡುವ ಈ ಮಾನದಂಡದ ಹೆಸರು ಐಐಐಎಫ್, ಅದರ ಪಾಠ ನಾನು ಮಾಡೋದು ಇಷ್ಟೇ.

ಪ್ರತಿ ಊರಿಗೂ ಆ ಊರಿನ ವಸ್ತುವನ್ನೇ ಹೇಗೆ ಹುಡುಕಿ ಇಟ್ಟುಕೊಂಡಿರ್ತೀಯ ಅಂತ ಕೇಳ್ತಾರೆ. ಅದನ್ನು ಸದ್ಯಕ್ಕೆ ಬಿಟ್ಟುಕೊಡಲ್ಲ, ಇನ್ನೂ ಎರಡು ಊರು ಬಾಕಿ ಇವೆ.

ಬೀದರಿನ ಹುಡುಗ ತನ್ನ ವೆಬ್ ಪುಟಕ್ಕೆ ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನ ಎಪಿಐಯನ್ನೂ ಜೋಡಿಸಿದ್ದಾನೆ. ಕಳೆದ ವಾರ ಒಂದು ಫೋಟೋ ಕಳಿಸಿದ. ಮೆಟ್‌ನ ಆ ಹೂಗಿಡದ ಪ್ರಿಂಟ್ ಕಾಕಾನ ಕೆಲಸದ ಮಣೆ ಪಕ್ಕ ಅಂಟಿಸಿದೆ. ಎದುರಿಗೆ ಅದೇ ಹೂವು ಅರ್ಧ ಕೊರೆದ ಹೂದಾನಿ.