ಮಳೆಗಾಲದ ಪಿಟಿ ಪೀರಿಯಡ್‌ಗೆ ವಿಡಿಯೋ ಗೇಮ್

ನಾನು ಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಜೂನ್ ಮಧ್ಯದಿಂದ ಆಗಸ್ಟ್ ಮುಗಿಯುವವರೆಗೆ ನಮ್ಮ ಮೈದಾನ ಕೆಸರುಗದ್ದೆ. "ಹೇಗೂ ಮಳೆ ಅಲ್ವಾ ಸಾರ್, ಪೀರಿಯಡ್ ನನಗೆ ಬಿಟ್ಟುಕೊಡಿ" ಅಂತ ಗಣಿತದವರು ಕಾದಿರುತ್ತಾರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಳೆಗಾಲದಲ್ಲಿ ನಮ್ಮ ಮಕ್ಕಳಿಗೆ ಸಿಗುತ್ತಿದ್ದುದು ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ನಡೆಯುವಷ್ಟೇ.

ನನ್ನ ಷಡ್ಡಕ ದುಬೈಯಿಂದ ಬರುವಾಗ ನಿಂಟೆಂಡೋ ಸ್ವಿಚ್ ಎಂಬ ವಿಡಿಯೋ ಗೇಮ್ ಯಂತ್ರ ತಂದಿದ್ದ. ಜೊತೆಗೆ ರಿಂಗ್ ಫಿಟ್ ಅಡ್ವೆಂಚರ್, ಜಸ್ಟ್ ಡ್ಯಾನ್ಸ್ ಆಟಗಳು. ಅವನ ಮಕ್ಕಳಿಗೆ ಬೇಜಾರಾದ ಮೇಲೆ ನಮ್ಮ ಶಾಲೆಗೆ ಬಂತು. ಸಭಾಂಗಣದ ಪ್ರೊಜೆಕ್ಟರ್‌ಗೆ ಜೋಡಿಸಿದೆ. ರಿಂಗ್ ಫಿಟ್‌ನಲ್ಲಿ ಎಡತೊಡೆಗೆ ಒಂದು ಪಟ್ಟಿ, ಕೈಯಲ್ಲಿ ಒತ್ತಿದರೆ ಬಾಗುವ ರಿಂಗ್. ನಿಂತಲ್ಲೇ ಓಡಿದರೆ ಪರದೆಯ ಮೇಲಿನ ಆಳೂ ಓಡುತ್ತದೆ. ಬಸ್ಕಿ ಹೊಡೆದರೆ ಎದುರಾಳಿಗೆ ಏಟು. ನಾನು ಹೇಳಿದರೆ ಐದು ಬಸ್ಕಿಗೆ ಗೊಣಗುವ ಹುಡುಗರು ಇದರ ಮುಂದೆ ಕೇಳದೆಯೇ ಇಪ್ಪತ್ತು ಹೊಡೆದರು. ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಅನ್ನಿ.

ಇರುವುದು ಒಂದೇ ಸೆಟ್, ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಹಾಗಾಗಿ ಡ್ಯಾನ್ಸ್ ಆಟವೇ ಜಾಸ್ತಿ ಉಪಯೋಗಕ್ಕೆ ಬಂತು. ಒಬ್ಬರ ಕೈಯಲ್ಲಿ ರಿಮೋಟ್, ಉಳಿದವರು ಸಾಲಾಗಿ ನಿಂತು ಪರದೆ ನೋಡಿ ಕುಣಿಯುವುದು. ಆ ಆಟ ಅಳೆಯುವುದು ರಿಮೋಟ್ ಹಿಡಿದ ಬಲಗೈಯನ್ನು ಮಾತ್ರ. ಒಂಬತ್ತನೇ ಕ್ಲಾಸಿನ ಕಿಲಾಡಿಯೊಬ್ಬ ಇದನ್ನು ಕಂಡುಕೊಂಡು, ಬೆಂಚಿನ ಮೇಲೆ ಆರಾಮಾಗಿ ಕೂತು ಮಣಿಕಟ್ಟು ತಿರುಗಿಸಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ತೆಗೆದ. ಅಲ್ಲಿಂದ ನಮ್ಮಲ್ಲಿ ಪಾಯಿಂಟ್‌ಗೆ ಬೆಲೆಯಿಲ್ಲ. ಆಟ ನಿಂತ ಕೂಡಲೇ ಪ್ರಾರ್ಥನೆಯ ಎರಡು ಸಾಲು ಹಾಡಿಸುತ್ತೇನೆ. ಸಲೀಸಾಗಿ ಹಾಡಿದರೆ ಮೈ ದಂಡಿಸಿಲ್ಲ ಅಂತ ಅರ್ಥ. ಮಾತಾಡಬಹುದು, ಹಾಡಲಾಗದು ಅಂದರೆ ಸಾಧಾರಣ ವ್ಯಾಯಾಮ. ಒಂದೆರಡು ಮಾತಿಗೇ ಉಸಿರು ಸಿಕ್ಕಿಕೊಂಡರೆ ಜೋರು ವ್ಯಾಯಾಮ. ನಾಡಿ ಎಣಿಸುವುದಕ್ಕಿಂತ ಇದು ಸುಲಭ, ಮಕ್ಕಳಿಗೂ ನಗು.

ನಿಜವಾದ ಲಾಭ ಕಂಡದ್ದು ಮೈದಾನಕ್ಕೇ ಇಳಿಯದ ಮಕ್ಕಳಲ್ಲಿ. ಕಬಡ್ಡಿಗೆ ತಂಡ ಆರಿಸುವಾಗ ಯಾವಾಗಲೂ ಕೊನೆಗೆ ಉಳಿಯುವ ದಪ್ಪ ಹುಡುಗ, ಹೊಟ್ಟೆನೋವು ಅಂತ ಮೆಟ್ಟಿಲ ಮೇಲೆ ಕೂರುವ ಹುಡುಗಿಯರು. ಎಲ್ಲರ ಕಣ್ಣೂ ಪರದೆ ಮೇಲಿದ್ದರೆ ಇವರನ್ನು ಯಾರೂ ನೋಡುವುದಿಲ್ಲ. ಅದೇ ಅವರಿಗೆ ಬೇಕಿದ್ದುದು. ಒಬ್ಬೊಬ್ಬರನ್ನೇ ಮುಂದೆ ಕರೆದು ಆಡಿಸಿದ ದಿನ ಮಾತ್ರ ಅವರೆಲ್ಲ ಮತ್ತೆ ಹಿಂದಿನ ಸಾಲಿಗೆ ಸರಿದರು. ಜೋಡಿಯಾಗಿ ಕರೆದರೆ ತೊಂದರೆ ಇಲ್ಲ.

ಕ್ಯಾಲೊರಿ ಲೆಕ್ಕ ಮಾತ್ರ ನನಗೆ ಸರಿಬರಲಿಲ್ಲ. ರಿಂಗ್ ಫಿಟ್ ಕೊನೆಯಲ್ಲಿ ಅದನ್ನು ತೋರಿಸುತ್ತದೆ. ಹುಡುಗಿಯೊಬ್ಬಳು ಆ ಅಂಕಿಯನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದಳು, ಟಿಫಿನ್ ಡಬ್ಬಿಯಲ್ಲಿ ಅರ್ಧ ಊಟ ಹಾಗೇ ವಾಪಸ್. ಅವಳ ಅಮ್ಮನನ್ನು ಕರೆಸಿ ಮಾತಾಡಿದೆ. ಈಗ ಆ ಪುಟ ಬರುವ ಮೊದಲೇ ಪ್ರೊಜೆಕ್ಟರ್‌ಗೆ ಮುಚ್ಚಳ ಹಾಕುತ್ತೇನೆ. ವೀ ಫಿಟ್ ಎಂಬ ಹಳೆಯ ಆಟದಲ್ಲೂ ಇಂಥದ್ದೇ ಆಗಿತ್ತು. ಅದು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ನೋಡಿ ಮಕ್ಕಳಿಗೂ "ದಪ್ಪ" ಅಂತ ಹಣೆಪಟ್ಟಿ ಹಚ್ಚಿ 2008ರಲ್ಲಿ ಗಲಾಟೆಯಾಗಿತ್ತು.

"ಮನೆಗೂ ಒಂದು ಕೊಡಿಸೋಣವಾ ಸಾರ್, ಮೊಬೈಲ್ ಆದ್ರೂ ಬಿಡ್ತಾನೆ" ಎಂದು ಪೋಷಕರು ಕೇಳುತ್ತಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಕ್ಕಳ ಮನೆಗೆ ಇಂಥ ಆಟ ಕೊಟ್ಟು ಓಡಾಟ ಅಳೆದರು. 2012ರಲ್ಲಿ ಫಲಿತಾಂಶ ಬಂತು: ಕೂತು ಆಡುವ ಆಟ ಪಡೆದವರಿಗಿಂತ ಇವರ ಒಟ್ಟು ಚಟುವಟಿಕೆ ಹೆಚ್ಚಿರಲಿಲ್ಲ. ನನ್ನ ಷಡ್ಡಕನ ಮನೆಯಲ್ಲಿ ಆದದ್ದೂ ಅದೇ ಅಲ್ವಾ? ಜೊತೆಗೆ ನೀವೂ ನಿಂತು ಆಡುವುದಾದರೆ ಕೊಡಿಸಿ ಅಂತೀನಿ. ಅಲ್ಲಿಗೆ ಹೆಚ್ಚಿನವರು ಸುಮ್ನಾಗುತ್ತಾರೆ.

ಮಳೆ ನಿಂತ ಮೇಲೆ ಆ ಹುಡುಗಿಯರಲ್ಲಿ ಕೆಲವರು ಕೊಕ್ಕೋಗೆ ಬಂದರು, ಕೆಲವರು ಮತ್ತೆ ಮೆಟ್ಟಿಲು ಹಿಡಿದರು. ಇನ್ನೊಂದು ಸೆಟ್ ತರಿಸೋಣವೇ ಎಂದು ಹೆಡ್‌ಮಾಸ್ಟರ್ ಕೇಳಿದ್ದಾರೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ, ಮೈದಾನದ ಒಂದು ಮೂಲೆಗೆ ತಗಡಿನ ಶೆಡ್ ಹಾಕಿಸಿಕೊಡಿ ಎಂದಿದ್ದೇನೆ.