ಕುಂಡದಲ್ಲಿ ಕೊತ್ತಂಬರಿ ಮೊಳೆಯದಿದ್ದುದು ಸರಿಹೋದದ್ದು ಹೀಗೆ

ತೊಂದರೆ ಎರಡಿತ್ತು. ಇಡೀ ಧನಿಯಾ ಬಿತ್ತಿದರೆ 3 ವಾರವಾದರೂ ಅಲ್ಲೊಂದು ಇಲ್ಲೊಂದು ಮೊಳಕೆ. ಬಂದ ಸಸಿಗಳೂ ಬುಡದಲ್ಲಿ ನೂಲಿನಂತೆ ಸೊರಗಿ ಮಗ್ಗುಲಿಗೆ ಬೀಳುತ್ತಿದ್ದವು.

ಧನಿಯಾದ ಒಂದು ಕಾಳಿನೊಳಗೆ 2 ಬೀಜ ಇರುತ್ತವೆ, ಸಿಪ್ಪೆ ಗಟ್ಟಿ. ಲಟ್ಟಣಿಗೆಯನ್ನು ಮೆಲ್ಲಗೆ ಉರುಳಿಸಿ ಹೋಳು ಮಾಡಬೇಕು. ಭಾರ ಹೆಚ್ಚಾದರೆ ಪುಡಿಯಾಗಿ ಬೀಜವೇ ಹಾಳು. ಹೋಳನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಸಿದು ಬಿತ್ತಿದ ಮೇಲೆ 10ನೇ ದಿನಕ್ಕೆ ಮೊಳಕೆ ಕಾಣಿಸಿತು. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಧನಿಯಾ ನಂಬಬೇಡಿ. ಹುರಿದದ್ದಂತೂ ಮೊಳೆಯುವುದೇ ಇಲ್ಲ.

ಬುಡ ಕೊಳೆಯುವುದು ಮಣ್ಣಿನ ಶಿಲೀಂಧ್ರದಿಂದ. ಅತಿ ನೀರು, ಒತ್ತೊತ್ತಾದ ಬಿತ್ತನೆ ಅದಕ್ಕೆ ದಾರಿ. 8 ಇಂಚು ಆಳದ ಕುಂಡಕ್ಕೆ ತಳದಲ್ಲಿ 4–5 ತೂತು, ಕೆಂಪು ಮಣ್ಣು 2 ಪಾಲು, ಎರೆಗೊಬ್ಬರ 1, ಮರಳು 1. ಬೀಜ 1 ಸೆಂ.ಮೀ. ಆಳಕ್ಕೆ, 2 ಇಂಚು ಅಂತರದಲ್ಲಿ. ಬೆರಳು ಒತ್ತಿದಾಗ ಮಣ್ಣು ಅಂಟಿದರೆ ಅಂದು ನೀರು ಬೇಡವೇ ಬೇಡ.

ಸಸಿ ಕಿತ್ತು ಬೇರೆಡೆ ನೆಡಬೇಡಿ, ತಾಯಿಬೇರಿಗೆ ಪೆಟ್ಟಾಗುತ್ತದೆ. ಬಿರುಬೇಸಿಗೆಯಲ್ಲಿ ಬೇಗ ಹೂವಿಗೆ ತಿರುಗುತ್ತದೆ, ಮಧ್ಯಾಹ್ನ ನೆರಳು ಕೊಡಿ.